ಅಮ್ಮನ ಕೋಣೆಯ ಕೆಳಗೆ

ಮಾರ್ಚ್ 4, ಸಂಜೆ

ಮೇಷ್ಟ್ರ ಮನೆಯೂ ಪಾಸ್. ಅವರ ಟಾಯ್ಲೆಟ್ಟಿಗೆ ಕೆಂಪು ಬಣ್ಣ ಸುರಿದು ಬಂದಾಗಿನಿಂದ ಬೀದಿಯ ಬಾವಿಯಲ್ಲಿ ನೀರು ಸೇದಿದ್ದೇ ಸೇದಿದ್ದು, ಗಾಜಿನ ಬಾಟಲಿಗೆ ತುಂಬಿ ಬೆಳಕಿಗೆ ಹಿಡಿದಿದ್ದೇ ಹಿಡಿದಿದ್ದು. ಕೆಂಪಿನ ಸುಳಿವೇ ಇಲ್ಲ. ಅವರ ಸೆಪ್ಟಿಕ್ ಟ್ಯಾಂಕು ಸೋರುತ್ತಿಲ್ಲ.

ಹೇಳಲು ಹೋದರೆ ಮೀಸೆ ತೀಡಿಕೊಂಡೇ ಬಾಗಿಲಿಗೆ ಬಂದರು. "ಈಗ ಗೊತ್ತಾಯ್ತೇನಮ್ಮ ಹೆಲ್ತ್ ಇನ್‌ಸ್ಪೆಕ್ಟರಮ್ಮ? ಬೀದಿಯವರೆಲ್ಲ ನನ್ನ ಮೇಲೇ ಗೂಬೆ ಕೂರಿಸಿದ್ರು. ಬಾವಿ ಹತ್ತಿರ ಇರೋದು ಮೂರೇ ಮನೆ. ದರ್ಜಿದು ಆಯ್ತು, ನನ್ನದು ಆಯ್ತು. ಇನ್ನೊಂದು ಯಾರದು ಅಂತ ನಾನು ಹೇಳ್ಬೇಕಾ?"

ಬೇಕಾಗಿಲ್ಲ. ಇನ್ನೊಂದು ಅಣ್ಣನದು. ಬಾವಿಗೆ ಎಲ್ಲಕ್ಕಿಂತ ಹತ್ತಿರ. ಮೊದಲು ನೋಡಬೇಕಾದದ್ದನ್ನು ಕೊನೆಗೆ ಇಟ್ಟುಕೊಂಡೆ. ಮೇಷ್ಟ್ರಿಗೂ ಗೊತ್ತು, ನನಗೂ ಗೊತ್ತು.

ಬಾವಿ ನೀರು ಕುಡಿದ ದರ್ಜಿಯ ಮಗಳು ಇನ್ನೂ ಆಸ್ಪತ್ರೆಯಲ್ಲಿ. ವಾಂತಿ ನಿಂತಿದೆಯಂತೆ, ಜ್ವರ ಇಳಿದಿಲ್ಲ. ಬಾವಿಗೆ "ಕುಡಿಯಬಾರದು" ಅಂತ ಬೋರ್ಡ್ ಹಾಕಿದ್ದೇನೆ. ನೀರಿನ ಟ್ಯಾಂಕರ್ ಬಂದ ದಿನ ಬೋರ್ಡಿಗೆ ಬೆಲೆ. ಬಾರದ ದಿನ ಅದರ ಮೇಲೆ ಹಗ್ಗ ಒಣಹಾಕಿರುತ್ತಾರೆ.

ಮಾರ್ಚ್ 5

ಸಾಹೇಬರಿಗೆ ಹೇಳಿದೆ— ಅದು ನನ್ನ ಅಣ್ಣನ ಮನೆ ಸಾರ್, ಬೇರೆಯವರನ್ನು ಕಳಿಸಿ.

"ಬೇರೆಯವರು ಅಂದ್ರೆ ಯಾರಮ್ಮ? ಇರೋದು ನೀವೊಬ್ರು, ಆ ಜೀಪು. ಜೀಪು ಕೆಟ್ಟಿದೆ."

ತಾವೇ ನಕ್ಕರು. ನಾನು ನಗಲಿಲ್ಲ. ಸೋಮವಾರದೊಳಗೆ ರಿಪೋರ್ಟ್ ಬೇಕಂತೆ, ಮೂರೂ ಮನೆಯದು.

ಮಾರ್ಚ್ 6, ಮಧ್ಯಾಹ್ನ

ಅಣ್ಣನ ಮನೆಗೆ ಹೋದೆ. ಅತ್ತಿಗೆ ಕಾಫಿ ಕೊಟ್ಟರು. ಅಮ್ಮ ತನ್ನ ಕೋಣೆಯಲ್ಲಿ ಮಂಚದ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

"ಟ್ಯಾಂಕಿನ ಮುಚ್ಚಳ ಎಲ್ಲಿ ಅಣ್ಣ?"

ಅಣ್ಣ ನನ್ನನ್ನು ಅಮ್ಮನ ಕೋಣೆಯ ಹೊಸ್ತಿಲಿಗೆ ಕರೆದುಕೊಂಡು ಹೋಗಿ, ಮಂಚದ ಕೆಳಗಿನ ಟೈಲ್ಸ್ ಕಡೆ ಕಣ್ಣಲ್ಲೇ ತೋರಿಸಿದ.

ಅಮ್ಮನಿಗೆ ಮೆಟ್ಟಿಲು ಹತ್ತಲಾಗದಾಗ ಕೆಳಗೊಂದು ಕೋಣೆ ಬೇಕಾಯಿತು. ಹಿತ್ತಲು ಬಿಟ್ಟರೆ ಜಾಗವಿರಲಿಲ್ಲ. ಹಿತ್ತಲಲ್ಲಿ ಇದ್ದದ್ದೇ ಟ್ಯಾಂಕು. ಅದರ ಮೇಲೆಯೇ ಕಟ್ಟಿಸಿಬಿಟ್ಟಿದ್ದಾನೆ ಪುಣ್ಯಾತ್ಮ. ಅಂದಿನಿಂದ ಒಮ್ಮೆಯೂ ಖಾಲಿ ಮಾಡಿಸಿಲ್ಲ— ತೆಗೆಯುವುದಾದರೂ ಎಲ್ಲಿಂದ?

ಹೊರಗೆ ಕರೆದು ದನಿ ತಗ್ಗಿಸಿದ. "ಸೋರ್ತಿದೆ ಅಂತಾದ್ರೆ ಏನ್ ಮಾಡ್ತೀರಾ?"

"ಟಾಯ್ಲೆಟ್ ಸೀಲ್. ಟ್ಯಾಂಕು ಅಗೆದು ಹೊಸದು ಕಟ್ಟಬೇಕು."

"ಅಂದ್ರೆ ಕೋಣೆ ಒಡೀಬೇಕು."

"ಹೂಂ."

"ಅಮ್ಮನ್ನ ಎಲ್ಲಿಗೆ ಹಾಕ್ಲಿ ಪುಟ್ಟಿ? ನಿನ್ನ ಮಹಡಿ ಮನೆಗಾ?"

ಒಳಗೆ ಹೋಗಿ, ಮೇಷ್ಟ್ರ ಮನೆಯ ಕೆಂಪಿನ ಜೊತೆ ಗೊಂದಲವಾಗದ ಹಾಗೆ ಟಾಯ್ಲೆಟ್ಟಿಗೆ ಹಸಿರು ಬಣ್ಣ ಸುರಿದೆ, ನೀರು ಹಾಕಿದೆ. ಕೈಗವಸು ತೆಗೆದರೂ ಬೆರಳ ತುದಿ ಹಸಿರಾಗಿತ್ತು. ಅಮ್ಮ ನೋಡಿ ನಕ್ಕಳು. "ಇಷ್ಟು ವಯಸ್ಸಾದ್ರೂ ಕೈ ಕೊಳೆ ಮಾಡ್ಕೊಂಡೇ ಬರ್ತಾಳೆ."

ಮಾರ್ಚ್ 7

ಬೆಳಗ್ಗೆ ಬಾವಿ— ಏನಿಲ್ಲ. ಸಂಜೆ— ಏನಿಲ್ಲ.

ಇಸ್ತ್ರಿ ಅಂಗಡಿಯವನ ತಾಯಿಗೂ ಭೇದಿ ಶುರುವಾಗಿದೆ. ನಿನ್ನೆ ಟ್ಯಾಂಕರ್ ಬಂದಿರಲಿಲ್ಲ.

ಮಾರ್ಚ್ 8, ಬೆಳಗ್ಗೆ

ಬೆಳಕು ಹರಿಯುವ ಮುಂಚೆ ಬಾಗಿಲು ತಟ್ಟಿದ ಸದ್ದು. ಅತ್ತಿಗೆ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಸೋಪಿನ ಡಬ್ಬಿ. ನಲ್ಲಿ ಕೆಟ್ಟಿದೆ, ಸ್ನಾನ ಇಲ್ಲೇ ಮಾಡ್ತೀನಿ ಅಂದರು. ಮೊದಲು ಟಾಯ್ಲೆಟ್ಟಿಗೆ ಓಡಿದರು. ನನ್ನ ಮುಖ ನೋಡಲಿಲ್ಲ. ಆಚೆ ಬಂದ ಮೇಲೂ ನೋಡಲಿಲ್ಲ.

ನನ್ನ ಗಂಡ ಪೇಪರ್ ಹಿಂದಿನಿಂದ— "ನಿಮ್ಮಣ್ಣನೂ ಆಫೀಸಿಗೆ ಬೇಗ ಹೋಗ್ತಿದ್ದಾನಂತೆ. ಏನ್ ನಿಷ್ಠೆ."

ಆಗ ಹೊಳೆಯಿತು. ಎಂಥ ಮಂಕು ನಾನು!

ಅದೇ ದಿನ, ಸಂಜೆ

ನೆಟ್ಟಗೆ ಅಣ್ಣನ ಮನೆಗೆ ಹೋದೆ. ಅಮ್ಮನ ಕೋಣೆಯ ಮೂಲೆಯಲ್ಲಿ ಸೀಟಿಗೆ ತೂತು ಮಾಡಿದ ಒಂದು ಕುರ್ಚಿ, ಅದರ ಕೆಳಗೆ ಬಕೆಟ್ಟು. ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ದಳು.

ಮೈಯೆಲ್ಲ ಉರಿದುಹೋಯಿತು. ನಡುಮನೆಯಲ್ಲೇ ಕೂಗಾಡಿದೆ. "ಬಣ್ಣ ನೀರಿನ ಜೊತೆ ಹೋಗ್ಬೇಕು. ನೀವು ಟಾಯ್ಲೆಟ್ಟಿಗೇ ಹೋಗ್ದೆ, ಒಂದು ಚೊಂಬು ನೀರೂ ಹಾಕ್ದೆ ಕೂತ್ರೆ ಅದು ಟ್ಯಾಂಕಲ್ಲೇ ಕೂತಿರುತ್ತೆ! ಯಾರ ಕಣ್ಣಿಗೆ ಮಣ್ಣೆರಚ್ತಿದೀಯ ಅಣ್ಣ?"

"ಅಮ್ಮನ ಸೂರು ಉಳಿಸ್ತಿದೀನಿ."

"ಅಮ್ಮನ್ನ ಬಕೆಟ್ ಮೇಲೆ ಕೂರಿಸಿ?"

ಕೈ ಎತ್ತಿದವನು ಹಾಗೇ ಇಳಿಸಿದ. ಅಳುತ್ತಿದ್ದ. ಅಣ್ಣ ಅಳುವುದನ್ನು ಅಪ್ಪ ಹೋದಾಗಲೂ ನೋಡಿರಲಿಲ್ಲ. "ಸೋಮವಾರ ಸಹಿ ಹಾಕಿಬಿಡು ಪುಟ್ಟಿ. ಆಮೇಲೆ ನಾನೇ ಏನಾದ್ರೂ ಮಾಡ್ತೀನಿ."

ಏನು ಮಾಡುತ್ತಾನೆ? ಏನೂ ಇಲ್ಲ. ನಾನೇ ಬಕೆಟ್ ಬಕೆಟ್ ನೀರು ಹೊಯ್ಯಬಹುದಿತ್ತು. ಅದು ನನ್ನ ಕೆಲಸ. ಹೊಯ್ಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ.

ಮಾರ್ಚ್ 9, ಭಾನುವಾರ

ಅಮ್ಮನ ಫೋನ್. ಪಿಸುಮಾತಿನಲ್ಲಿ.

"ಪುಟ್ಟಿ, ಇವರಿಬ್ರೂ ಯಾರದೋ ಮನೆಗೆ ಹೋಗಿದ್ರು. ಆ ಕುರ್ಚಿನೇ ತಳ್ಕೊಂಡು ಹೋಗಿ ಬಚ್ಚಲ ಬಾಗ್ಲಲ್ಲಿ ಕೂತೆ. ನಲ್ಲಿ ಏನೂ ಕೆಟ್ಟಿಲ್ಲ, ತಾರಸಿ ತೊಟ್ಟಿ ತುಂಬ ನೀರಿತ್ತು, ಪೈಪ್ ಸಿಕ್ಕಿಸಿ ಟಾಯ್ಲೆಟ್ಟಿಗೆ ಬಿಟ್ಟೆ. ಊಟ ಆದ್ಮೇಲೆ ಬಿಟ್ಟಿದ್ದು, ಇವರು ಬರೋವರೆಗೂ ಹರೀತಾ ಇತ್ತು. ಬಾವಿ ನೋಡ್ತಿರು."

"ಅಮ್ಮ... ಹಸಿರು ಬಂದ್ರೆ ನಿನ್ನ ಕೋಣೆ—"

"ನೀವಿಬ್ರೂ ಕಿತ್ತಾಡಿದ್ದು ಕೇಳಿಸ್ತು. ಮೊಣಕಾಲು ಹೋಗಿದೆ, ಕಿವಿ ಹೋಗಿಲ್ಲ. ಆ ದರ್ಜಿ ಹುಡುಗಿ ದಿನಾ ಸ್ಕೂಲಿಂದ ಬಂದು ನನ್ನ ಸೂಜಿಗೆ ದಾರ ಪೋಣಿಸಿಕೊಡ್ತಿತ್ತು ಕಣೇ." ಆಮೇಲೆ ಕೇಳಿದಳು, "ನಿನ್ನ ಮನೇಲಿ ನನ್ನ ಮಂಚ ಹಿಡಿಸುತ್ತಾ?"

ಸಿಗ್ನಲ್ ಸರಿ ಇಲ್ಲ ಅಮ್ಮ, ಕೇಳಿಸ್ತಿಲ್ಲ, ಅಂದೆ. ಇಟ್ಟುಬಿಟ್ಟೆ.

ಚೆನ್ನಾಗಿ ಕೇಳಿಸುತ್ತಿತ್ತು.

ಮಾರ್ಚ್ 10, ಬೆಳಗ್ಗೆ

ಬಾವಿ ನೀರು ತಿಳಿಯಾಗಿದೆ. ಬಾಟಲಿ ಬೆಳಕಿಗೆ ಹಿಡಿದಾಗ, ತಿಳಿಯಾಗಿಯೇ ಇರಲಿ ಅಂತ ಮನಸ್ಸು ಕೂಗುತ್ತಿತ್ತು. ಅಣ್ಣನಿಗಾಗಿ ಅಲ್ಲ. ಎರಡು ಕೋಣೆಯ ಮಹಡಿ ಮನೆ, ಕಡಿದಾದ ಮೆಟ್ಟಿಲು, ರಜೆಯೇ ಸಿಗದ ನೌಕರಿ... ಅಮ್ಮನನ್ನು ಅಣ್ಣನ ತಲೆಗೆ ಕಟ್ಟಿ ಹಾಯಾಗಿದ್ದವಳು ನಾನು. ಈ ಬರವಣಿಗೆ ಬೇರೆ ಯಾರೂ ಓದುವುದಿಲ್ಲ, ಅದೇ ನೆಮ್ಮದಿ.

ಸಂಜೆ

ಸಾಹೇಬರು ಪೆನ್ನನ್ನೂ ತಾವೇ ಮುಂದೆ ಹಿಡಿದರು. "ಮೂರೂ ಮನೆ ಸರಿ ಇದೆ ಅಂತ ಬರೀರಿ, ಮುಗೀತು." ಅಣ್ಣನ ಫೋನ್ ಬಂತು, ಮತ್ತೆ ಬಂತು. ಎತ್ತಲಿಲ್ಲ.

ನಾಳೆ ಬೆಳಗ್ಗೆ ಒಂದೇ ಒಂದು ಸಲ ನೋಡ್ತೀನಿ ಸಾರ್, ಅಂದೆ. ನನ್ನ ದನಿ ನನ್ನದೇ ಅನ್ನಿಸಲಿಲ್ಲ.

ಮಾರ್ಚ್ 11

ಹಸಿರು.

ಬಾಟಲಿಯೇ ಬೇಕಾಗಲಿಲ್ಲ. ಕೊಡ ಮೇಲೆ ಬರುವಾಗಲೇ ಕಂಡಿತು. ದರ್ಜಿಯ ಹೆಂಡತಿ ಪಕ್ಕದಲ್ಲೇ ಬಿಂದಿಗೆ ಹಿಡಿದು ನಿಂತಿದ್ದಳು. ನೋಡಿದಳು. ಬಿಂದಿಗೆಯನ್ನು ಬೋರಲು ಹಾಕಿ ಹೊರಟುಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಬಾವಿಗೆ ಹಲಗೆ ಹೊಡೆಸಿ ಮುಚ್ಚಿಸಿದೆ. ಟ್ಯಾಂಕರ್ ದಿನಾ ಬರಲೇಬೇಕು ಅಂತ ಸಾಹೇಬರ ಮೇಜಿನ ಮುಂದೆ ಕೂತೇಬಿಟ್ಟೆ, ಆರ್ಡರ್ ಆಗುವವರೆಗೆ ಏಳಲಿಲ್ಲ. ಆಮೇಲೆ ಅಣ್ಣನ ಮನೆಯ ಟಾಯ್ಲೆಟ್ಟಿಗೆ ಸೀಲ್ ಹಾಕಿದೆ, ನೋಟಿಸ್ ಅಂಟಿಸಿದೆ. ಅಣ್ಣ ಗೇಟಿನ ಹತ್ತಿರ ನನಗೆ ಬೆನ್ನು ಹಾಕಿ ನಿಂತಿದ್ದ. ಅತ್ತಿಗೆ ಕಾಫಿ ಕೊಡಲಿಲ್ಲ.

ಅಮ್ಮ ಸೀರೆಗಳನ್ನು ಮಡಿಸಿಟ್ಟು ಆಗಲೇ ಗಂಟು ಕಟ್ಟಿದ್ದಳು. "ಇವತ್ತಾದ್ರೂ ಸಿಗ್ನಲ್ ಇದೆಯೇನೇ?" ಅಂದಳು.

ಮಂಚ ಕಿಟಕಿ ಪಕ್ಕ ಹಾಕ್ತೀನಮ್ಮ, ಅಂದೆ. ಅಲ್ಲಿಯೇ ಅವಳ ಮಡಿಲಲ್ಲಿ ಮುಖ ಇಟ್ಟು ಅತ್ತೆ.

ಸಂಜೆ, ಮನೆ

ಮುಂದಿನ ಕೋಣೆ ಖಾಲಿ ಮಾಡಿದೆವು. ಬೀರು ನಮ್ಮ ಕೋಣೆಗೆ, ನಮ್ಮ ಮೇಜು ಅಡುಗೆಮನೆಗೆ, ಅಡುಗೆಮನೆಯದು ಎಲ್ಲಿಗೋ. ಮೆಟ್ಟಿಲಿನದೇ ಚಿಂತೆ. ಕುರ್ಚಿ ಸಮೇತ ಎತ್ತಬೇಕು, ನಾಲ್ಕು ಜನ ಬೇಕು. ಇವರು ಪಕ್ಕದ ಮನೆಯವರನ್ನು ಕರೆಯಲು ಹೋಗಿದ್ದಾರೆ. ಅಣ್ಣ ಬರುವುದಿಲ್ಲ. ಅಮ್ಮನನ್ನು ವ್ಯಾನಿನಲ್ಲಿ ಕಳಿಸ್ತೀನಿ ಅಂತ ಮೆಸೇಜ್ ಹಾಕಿದ್ದಾನೆ, ಅಷ್ಟೇ.

ಕೆಳಗೆ ವ್ಯಾನ್ ಬಂತು. ಯಾರೋ ಕೂಗಾಡುತ್ತಿದ್ದಾರೆ... ಅಣ್ಣನ ದನಿ. "ಯಾರೂ ಮುಟ್ಬೇಡಿ, ನಮ್ಮಮ್ಮನ್ನ ನಾನೇ ಎತ್ಕೋತೀನಿ." ಆಗಲೇ ಹತ್ತುತ್ತಿದ್ದಾನೆ, ಒಬ್ಬನೇ, ಹುಚ್ಚ, ಅವನ ಸೊಂಟಕ್ಕೆ ಆಗುವ ಕೆಲಸವಲ್ಲ, ಆ ತಿರುವಿನ ಮೆಟ್ಟಿಲು ಸರಿ ಇಲ್ಲ, ನಾನು ಇನ್ನೊಂದು ಕಡೆ ಹಿಡಿ—