ಬಚ್ಚಲುಮನೆಯ ಕನ್ನಡಿ ಯಾರ ಎತ್ತರಕ್ಕೆ?

೯ ಜೂನ್, ಭಾನುವಾರ

ಚಿನ್ನೂ,

ಅಮ್ಮ ಕಾಗದ ಬರೆದಿದ್ದಾಳೆ ಅಂದರೆ ಏನೋ ಆಗಿದೆ ಅಂತ ಗಾಬರಿ ಬೀಳಬೇಡ. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಾನು ಒಂದು ಮಾತಾಡುವುದರೊಳಗೆ ನೀನು ನಾಲ್ಕು ಪ್ರಶ್ನೆ ಕೇಳುತ್ತೀಯ. ಹಲ್ಲಿನ ಡಾಕ್ಟರಾದ ಮೇಲಂತೂ ಇನ್ನೊಬ್ಬರ ಬಾಯಿ ಬಿಡಿಸುವುದು ನಿನಗೆ ನೀರು ಕುಡಿದಷ್ಟು ಸುಲಭವಾಗಿಬಿಟ್ಟಿದೆ. ಕಾಗದದಲ್ಲಿ ಆ ಭಯವಿಲ್ಲ, ನಾನು ಬರೆದಷ್ಟನ್ನು ಸುಮ್ಮನೆ ಓದಬೇಕು.

ವಿಷಯ ಇಷ್ಟೇ. ಬಚ್ಚಲುಮನೆಯನ್ನು ಹೊಸದು ಮಾಡಿಸಬೇಕು ಅಂತಿದ್ದೇನೆ. ಅದರ ಅವತಾರ ನಿನಗೆ ಗೊತ್ತೇ ಇದೆ. ಬಾಗಿಲು ತಳ್ಳಿದರೆ ಬಕೆಟ್ಟಿಗೆ ಬಡಿಯುತ್ತದೆ, ಬಕೆಟ್ಟು ಸರಿಸಿದರೆ ಕಮೋಡಿಗೆ. ಒಳಗೆ ಹೋದವರು ಬಾಗಿಲು ಹಾಕಿಕೊಳ್ಳಬೇಕಾದರೆ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬೇಕು. ನನ್ನ ಹೊಟ್ಟೆ ಈಗ ಮೊದಲಿನಂತೆ ಹೇಳಿದ ಮಾತು ಕೇಳುವುದಿಲ್ಲ. ಮೂಲೆಯ ಟೈಲ್ಸು ಕಾಲಿಟ್ಟರೆ ಟೊಳ್ಳು ಸದ್ದು ಮಾಡುತ್ತದೆ.

ಆದರೆ ಅದು ನಿನ್ನ ಅಪ್ಪ ಮುಂದೆ ನಿಂತು ಕಟ್ಟಿಸಿದ ಬಚ್ಚಲು. ನಾವಿಬ್ಬರೂ ಒಂದೇ ಎತ್ತರ ಅಂತ ಶವರು, ಶೆಲ್ಫು, ಗಡ್ಡ ಹೆರೆಯುವ ಕನ್ನಡಿ ಎಲ್ಲವನ್ನೂ ಕೈಗೆಟುಕುವ ಹಾಗೆ ಕೆಳಗೆ ಹಾಕಿಸಿದ್ದರು. ಅವರು ಹೋದ ಮೇಲೆ ಅಪ್ಪನ ಯಾವ ವಸ್ತುವನ್ನೂ ಮುಟ್ಟಬೇಡ ಅಂತ ನೀನು ಶಾಲೆಯ ಯೂನಿಫಾರ್ಮಿನಲ್ಲೇ ನಿಂತು ಹಟ ಹಿಡಿದದ್ದನ್ನು ನಾನು ಮರೆತಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ನೀನು ಬೇಡ ಅಂದರೆ ಒಂದು ಟೈಲ್ಸನ್ನೂ ಕೀಳಿಸುವುದಿಲ್ಲ, ಆಣೆಗೂ.

ಸುಮ್ಮನೆ ಒಂದು ಅಂದಾಜಿಗೆ ಇರಲಿ ಅಂತ ಸ್ವಲ್ಪ ಕೆಲಸ ಶುರು ಮಾಡಿದ್ದೇನೆ, ಅಷ್ಟೇ. ಅಂಗಿಗಳ ಕಟಿಂಗಿಗೆ ಇಟ್ಟಿರುವ ಕಂದು ಕಾಗದ ಇದೆಯಲ್ಲ, ಅದರಲ್ಲಿ ಹೊಸ ಕಮೋಡು, ಹೊಸ ಬೇಸಿನ್ನು ಎರಡನ್ನೂ ನಿಜವಾದ ಅಳತೆಗೆ ಕತ್ತರಿಸಿಕೊಂಡೆ. ಅವನ್ನು ಬಚ್ಚಲಿನ ನೆಲದ ಮೇಲೆ ಹಾಸಿ, ಈ ಮೂಲೆಗೆ ಸರಿಯಾ, ಆ ಮೂಲೆಗೆ ಸರಿಯಾ ಅಂತ ಸರಿಸಿ ಸರಿಸಿ ನೋಡಿದೆ. ಕಾಗದದ ಕಮೋಡಿನ ಮೇಲೆ ಕೂರುವ ಹಾಗೆ ಮಂಡಿ ಬಗ್ಗಿಸಿ, ಮೊಣಕಾಲು ಬಾಗಿಲಿಗೆ ತಾಗುತ್ತದಾ ಅಂತಲೂ ಪರೀಕ್ಷೆ ಮಾಡಿದೆ. ಅಷ್ಟರಲ್ಲಿ ಡ್ರೈವಿಂಗ್ ಮೇಷ್ಟ್ರು ಬಂದರು.

ಮೇಷ್ಟ್ರು ಅಂದರೆ ನನ್ನ ಹೊಲಿಗೆ ಅಂಗಡಿಯ ಪಕ್ಕ ಡ್ರೈವಿಂಗ್ ಸ್ಕೂಲ್ ಇಟ್ಟಿದ್ದಾರಲ್ಲ, ಬಾಗಿಲಿಗೆ ತಲೆ ತಗ್ಗಿಸಿ ಬರುತ್ತಾರಲ್ಲ, ಅವರು. ಟೇಪಿನ ಇನ್ನೊಂದು ತುದಿ ಹಿಡಿಯುವುದಕ್ಕೆ ಯಾರಾದರೂ ಬೇಕಲ್ಲ, ಅದಕ್ಕೆ ಕರೆದಿದ್ದೆ. ಪಾಪ, ನೆಲದ ಮೇಲಿನ ಕಾಗದವನ್ನು ತುಳಿಯಲೇ ಇಲ್ಲ. ಅದು ನಿಜವಾದ ಬೇಸಿನ್ನೇ ಏನೋ ಎನ್ನುವಂತೆ ಗೋಡೆಗೆ ಆತುಕೊಂಡು ಸುತ್ತಿ ಬಂದರು. ಜೀವಮಾನವೆಲ್ಲ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಅವರಿಗೊಂದು ಚಾಳಿ ಅಂಟಿದೆ. ನಾನು ಸ್ಟೂಲು ಹತ್ತಿದರೆ, ಟೇಪು ಸರ್ರನೆ ಎಳೆದರೆ, ಅವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ. ಬ್ರೇಕು! ಬಾಯಲ್ಲಿ ಮಾತ್ರ ನಿಧಾನಾ, ನಿಧಾನಾ ಅಂತಾರೆ.

ಟೈಲ್ಸ್ ಮೇಸ್ತ್ರಿಯನ್ನೂ ಕರೆಸಿದ್ದೆ. ಅವನಿಗೆ ನಾನಿಟ್ಟ ಹೆಸರು ಆಗತ್ತೆಬಿಡಿ. ಬಾಗಿಲು ಹೊರಗಡೆ ತೆಗೆಯೋ ಹಾಗೆ ಮಾಡಬಹುದಾ ಅಂದೆ, ಆಗತ್ತೆ ಬಿಡಿ ಅಂದ. ಕಮೋಡು ಆ ಗೋಡೆಗೆ ಹೋಗುತ್ತಾ ಅಂದೆ, ಆಗತ್ತೆ ಬಿಡಿ. ಪರೀಕ್ಷೆ ಮಾಡೋಣ ಅಂತ, ಕಿಟಕಿಯನ್ನು ಅಡಿಗೆಮನೆ ಕಡೆ ತಿರುಗಿಸಬಹುದಾ ಅಂದೆ. ಅದಕ್ಕೂ ಆಗತ್ತೆ ಬಿಡಿ ಅಂದ. ಮೇಷ್ಟ್ರ ಕಾಲು ನೆಲ ಒತ್ತಿತು.

ಆಮೇಲೆ ಅವನು ಕನ್ನಡಿ ಯಾರ ಎತ್ತರಕ್ಕೆ ಹಾಕಲಿ ಅಂತ ಕೇಳಿದ. ಗೋಡೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಒಂದು ಗೆರೆ ಎಳೆದುಕೊಟ್ಟೆ. ಸ್ವಲ್ಪ ಮೇಲೇ ಎಳೆದಿದ್ದೇನೆ. ಶವರೂ ಅಷ್ಟೇ, ಮೇಲೆ ಹೋಗುತ್ತದೆ. ಗೀಸರು ಈಗಿರುವ ಜಾಗದಲ್ಲಿದ್ದರೆ ಎತ್ತರದವರ ತಲೆಗೆ ಹೊಡೆಯುತ್ತದೆ, ಮೇಷ್ಟ್ರಿಗೆ ಮೊನ್ನೆ ಹೊಡೆದೇ ಹೊಡೆಯಿತು, ಅದನ್ನೂ ಮೇಲೇರಿಸಬೇಕು. ಇದೆಲ್ಲ ಯಾಕೆ ಅಂತೀಯಾ? ಅಳಿಯಂದಿರು ಬಂದಾಗ ಅವರಿಗೆ ಅನುಕೂಲವಾಗಲಿ ಅಂತ.

ಹೂಂ ಅಂತಲೋ ಊಹೂಂ ಅಂತಲೋ ಬರೆ. ಮನಸ್ಸಿಗೆ ಬೇಜಾರಾದರೆ ಮುಚ್ಚಿಡಬೇಡ.

ನಿನ್ನನ್ನೇ ನೆನೆಯುತ್ತಾ,
ಅಮ್ಮ

ಮರೆತಿದ್ದೆ: ಬಾಗಿಲ ಹಿಂದೆ ಟವಲಿಗೆ ಎರಡು ಹುಕ್ಕು ಹಾಕಿಸುತ್ತಿದ್ದೇನೆ. ಒಂದು ಟವಲು ಒದ್ದೆಯಾಗಿದ್ದರೆ ಇನ್ನೊಂದು ಇರಲಿ ಅಂತ. ಬೇರೆ ಅರ್ಥ ಏನೂ ಇಲ್ಲ.

*

೧೫ ಜೂನ್, ಶನಿವಾರ

ಅಮ್ಮಾ,

ನಿನ್ನ ಕಾಗದವನ್ನು ಕ್ಲಿನಿಕ್ಕಿನಲ್ಲಿ ಓದಿದೆ. ಕುರ್ಚಿಯಲ್ಲಿ ಒಬ್ಬರು ಬಾಯಿ ತೆರೆದುಕೊಂಡು ಅರಿವಳಿಕೆ ಹಿಡಿಯಲಿ ಅಂತ ಕಾಯುತ್ತಿದ್ದರು. ನಾನು ನಕ್ಕಿದ್ದು ನೋಡಿ, ತಮ್ಮ ಹಲ್ಲು ನೋಡಿ ನಗುತ್ತಿದ್ದೇನೆ ಅಂದುಕೊಂಡು ಬಾಯಿ ಮುಚ್ಚಿಬಿಟ್ಟರು.

ಈಗ ಕೇಳು. ಬಚ್ಚಲುಮನೆಯ ಬಗ್ಗೆ ಬರೆದ ಕಾಗದದಲ್ಲಿ ನಲ್ಲಿಯ ಸುದ್ದಿಯೇ ಇಲ್ಲ, ಡ್ರೈವಿಂಗ್ ಮೇಷ್ಟ್ರು ಮಾತ್ರ ಸಾಲುಸಾಲಿಗೂ ಇಣುಕಿದ್ದಾರೆ. ನೀನು ಹೇಳಿದ ಎತ್ತರಕ್ಕೆ ಕನ್ನಡಿ ಹಾಕಿದರೆ ಅದರಲ್ಲಿ ನಿನಗೆ ಕಾಣುವುದು ನಿನ್ನ ಬೈತಲೆ, ಅದೂ ತುದಿಗಾಲಲ್ಲಿ ನಿಂತರೆ. ಇನ್ನು ನಿನ್ನ ಅಳಿಯ. ಅವರು ನನ್ನ ಕಿವಿಯವರೆಗೆ ಬರುತ್ತಾರೆ ಅಂತ ನಿನಗೆ ಗೊತ್ತಿಲ್ಲವಾ? ಮದುವೆಯ ಫೋಟೋ ತೆಗೆಯುವಾಗ ಅವರನ್ನು ಮೆಟ್ಟಿಲ ಮೇಲೆ ನಿಲ್ಲಿಸಿದವಳು ನೀನೇ. ಅವರಿಗೆ ಕಾಗದ ಓದಿ ಹೇಳಿದೆ. ಅತ್ತೆಗೆ ನನ್ನ ಮೇಲೆ ಎಷ್ಟು ಅಭಿಮಾನ ಅಂತ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದಾರೆ.

ಬೇಜಾರಾದರೆ ಮುಚ್ಚಿಡಬೇಡ ಅಂದಿದ್ದೀಯ. ಆಯಿತು. ಅಪ್ಪನ ಕನ್ನಡಿ ಇಳಿಯುತ್ತದೆ ಅಂತ ಗೊತ್ತಾದಾಗ ಅಳು ಬಂತು. ನಗುನಗುತ್ತಲೇ ಓದಿದವಳು ಮನೆಗೆ ಬಂದು ಪಾತ್ರೆ ತೊಳೆಯುತ್ತಾ ಅತ್ತುಬಿಟ್ಟೆ. ನಿನ್ನ ಮೇಲೆ ಸಿಟ್ಟೂ ಬಂತು. ಮರುದಿನ ಬೆಳಗ್ಗೆಯೂ ಸಿಟ್ಟಿತ್ತು. ಆಮೇಲೆ ಯೋಚನೆ ಮಾಡಿದೆ. ನೀನು ರಾತ್ರಿ ಊಟಕ್ಕೆ ಕೂತಾಗ ನನಗೆ ಫೋನ್ ಮಾಡಿ ಸ್ಪೀಕರ್ ಹಾಕಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತೀಯಲ್ಲ. ಇಬ್ಬರಿಗೂ ಆಡುವುದಕ್ಕೆ ಮಾತು ಇರುವುದಿಲ್ಲ. ನಿನ್ನ ತಟ್ಟೆಯ ಸದ್ದು ಮಾತ್ರ ನನಗೆ ಕೇಳಿಸುತ್ತಿರುತ್ತದೆ. ಆ ಸದ್ದು ಕೇಳಿದರೆ ನನಗೆ ಸಂಕಟವಾಗುತ್ತದೆ, ಇದುವರೆಗೆ ನಿನಗೆ ಹೇಳಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ನನ್ನ ಒಪ್ಪಿಗೆ ಇದೆ. ಬಚ್ಚಲಿಗೂ ಇದೆ, ಮೇಷ್ಟ್ರಿಗೂ ಇದೆ, ನನ್ನ ಊಹೆ ಸರಿಯಾಗಿದ್ದರೆ. ಅಪ್ಪನ ಕನ್ನಡಿಯನ್ನು ಒಡೆಯದೆ ತೆಗೆಸಿ ನನಗೆ ಕಳಿಸು. ನಿನ್ನ ಅಳಿಯನಿಗೆ ಅದೇ ಸರಿಯಾದ ಎತ್ತರ. ಆದರೆ ಸುತ್ತಿಬಳಸಿ ಬರೆಯಬೇಡ, ಈ ಸಲ ನೇರವಾಗಿ ಬರೆ.

ನಿನ್ನ ಮಗಳು

ಇದೊಂದು ಕೇಳು: ಅವರು ಸ್ನಾನಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅಂತ ವಿಚಾರಿಸಿಕೊಂಡಿದ್ದೀಯಾ? ನಾನು ಇದನ್ನು ಕೇಳದೆ ಮದುವೆಯಾಗಿ ಇವತ್ತಿಗೂ ಬಾಗಿಲು ಬಡಿಯುತ್ತಾ ನಿಂತಿದ್ದೇನೆ.

*

೨೦ ಜೂನ್, ಗುರುವಾರ

ನನ್ನ ಬಂಗಾರವೇ,

ನಿನ್ನ ಕಾಗದ ಬಂದಾಗ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಒಂದು ಗೌನಿನ ಅಂಚು ಮಡಿಸುತ್ತಿದ್ದೆ. ಮೊದಲು ನಗು ಬಂತು, ಆಮೇಲೆ ಅಳು ಬಂತು. ಪಿನ್ನು ಹೊಟ್ಟೆಗೆ ಹೋಗದೆ ಉಳಿದದ್ದು ನನ್ನ ಪುಣ್ಯ. ಗೌನಿನ ಒಡತಿ ಎದುರಿಗೇ ನಿಂತಿದ್ದಳು. ಯಾಕೆ, ಬಟ್ಟೆ ಹಾಳಾಯ್ತಾ ಅಂತ ಅವಳಿಗೂ ಅಳು ಬರುವ ಹಾಗಾಯಿತು.

ನೇರವಾಗಿ ಬರೆ ಅಂದಿದ್ದೀಯ. ಮೊದಲು ಗಾಜಿನ ವಿಷಯ ಹೇಳಿಬಿಡುತ್ತೇನೆ. ನೀನು ಬೇಡ ಅಂದರೆ ಒಂದು ಟೈಲ್ಸನ್ನೂ ಕೀಳಿಸುವುದಿಲ್ಲ ಅಂತ ಬರೆದೆನಲ್ಲ, ಆ ಹೊತ್ತಿಗೆ ಗಾಜಿಗೆ ಆರ್ಡರು ಕೊಟ್ಟಾಗಿತ್ತು. ಟೈಲ್ಸು ಅಂದಿದ್ದೆನೇ ಹೊರತು ಗಾಜು ಅಂದಿರಲಿಲ್ಲ. ಸ್ನಾನದ ನೀರು ಕಮೋಡಿನ ಕಡೆ ಸಿಡಿಯದಿರಲಿ ಅಂತ ನಡುವೆ ನಿಲ್ಲಿಸುವ ಗಾಜು ಅದು. ಅಳತೆಯನ್ನು ತಾನು ಹಿಡಿದುಕೊಡುತ್ತೇನೆ ಅಂತ ನಮ್ಮ ಆಗತ್ತೆಬಿಡಿ ಮೇಸ್ತ್ರಿ ಹೇಳಿದ. ನನಗೆ ಕೋಪ ಬಂತು. ಮದುವೆಗೆ ಮುಂಚಿನಿಂದ ಊರವರ ಮೈಅಳತೆ ತೆಗೆದವಳು ನಾನು, ನನಗೇ ಅಳತೆ ಹೇಳಿಕೊಡ್ತೀಯಾ ಅಂದೆ. ಮೇಷ್ಟ್ರು ಟೇಪು ಹಿಡಿದರು, ನಾನು ಬರೆದುಕೊಂಡು ಗಾಜಿನ ಅಂಗಡಿಗೆ ಕೊಟ್ಟೆ.

ಮೊನ್ನೆ ಗಾಜು ಬಂತು. ಇಬ್ಬರು ಹೊತ್ತು ತಂದರು. ಬಚ್ಚಲಿನ ಗೋಡೆಗಳ ನಡುವೆ ಹೋಗಲಿಲ್ಲ. ಓರೆ ಮಾಡಿದರೂ ಹೋಗಲಿಲ್ಲ. ಮೇಷ್ಟ್ರು ಮತ್ತೆ ಟೇಪು ಹಿಡಿದು ನೋಡಿದರು, ಗೋಡೆಯ ಅಳತೆ ಸರಿಯಾಗೇ ಇತ್ತು. ಗಾಜು ಮಾತ್ರ ಎಲ್ಲ ಕಡೆಯೂ ಒಂದೂವರೆ ಇಂಚು ದೊಡ್ಡದು. ಆಗ ಹೊಳೆಯಿತು ನೋಡು. ನನ್ನ ಕೈ ತನ್ನಷ್ಟಕ್ಕೆ ತಾನೇ ಎಲ್ಲ ಬದಿಗೂ ಹೊಲಿಗೆಗೆ ಮಾರ್ಜಿನ್ ಬಿಟ್ಟಿದೆ! ಯಾವ ಬಟ್ಟೆಯನ್ನೂ ಮೈಗೆ ಸರಿಯಾಗಿ ಕತ್ತರಿಸಿ ಅಭ್ಯಾಸವಿಲ್ಲ ನನಗೆ. ನಾಳೆ ದಪ್ಪಗಾದರೆ ಬಿಚ್ಚಿಕೊಳ್ಳಲಿ ಅಂತ ಒಳಗೆ ಒಂದಿಷ್ಟು ಮಡಿಸಿಟ್ಟೇ ಹೊಲಿಯುವುದು. ಈ ಗಾಜು ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ್ದಂತೆ. ಕತ್ತರಿಸಲು ಹೋದರೆ ಪುಡಿಪುಡಿಯಾಗುತ್ತದಂತೆ. ನಾನು ಆಸೆಯಿಂದ ಮೇಸ್ತ್ರಿಯ ಮುಖ ನೋಡಿದೆ. ಅವನು ತಲೆ ಕೆರೆದುಕೊಂಡು, ಇದು ಆಗಲ್ಲ ಅಕ್ಕಾ ಅಂದ. ಅವನ ಬಾಯಿಂದ ಆ ಮಾತು ಬಂದದ್ದು ನಾನು ಕೇಳಿದಂತೆ ಅದೇ ಮೊದಲು.

ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಮೇಷ್ಟ್ರು ಗಾಜನ್ನು ನೋಡಿದರು, ನನ್ನನ್ನು ನೋಡಿದರು, ಬಚ್ಚಲೂ ಮುಂದೆ ದಪ್ಪ ಆಗಬಹುದು ಬಿಡಿ ಅಂದರು. ಅಷ್ಟು ಹೇಳಿ ತಾವೇ ನಗುವುದಕ್ಕೆ ಶುರು ಮಾಡಿದರು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ಬಚ್ಚಲಿನ ಹೊಸ್ತಿಲ ಮೇಲೆ ಕೂತುಬಿಟ್ಟೆ. ಗಾಜು ಈಗ ನನ್ನ ಅಂಗಡಿಯಲ್ಲಿ, ಮಿಷನ್ನಿನ ಮುಂದೆ ನಿಂತಿದೆ. ಬಂದವರೆಲ್ಲ ಅದಕ್ಕೆ ಮೂಗು ಜಜ್ಜಿಕೊಳ್ಳುತ್ತಿದ್ದರು. ಅದಕ್ಕೆ ಮೇಷ್ಟ್ರು ನಡುವೆ ಒಂದು ಕೆಂಪು ಎಲ್ ಬೋರ್ಡು ಅಂಟಿಸಿದ್ದಾರೆ.

ನಿನ್ನ ಊಹೆ ನಿಜ, ಚಿನ್ನೂ. ಅವರ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ನನ್ನ ಅಂಗಡಿಯ ಶಟರು ಬಿಗಿಯಾಗಿದೆ ಅಂತ ಸಂಜೆ ಎಳೆದುಕೊಡಲು ಬರುತ್ತಾರೆ. ಎಳೆದು ಬೀಗ ಹಾಕಿದ ಮೇಲೆ, ನಾಳೆ ಏನು ಕೆಲಸ ಇದೆ ಅಂತ ಕೇಳುತ್ತಾರೆ. ಇಂಥವಳ ಅಂಗಿಯ ತೋಳು ಕೂರುತ್ತಿಲ್ಲ, ಬಿಚ್ಚಬೇಕು ಅಂತ ನಾನು ಹೇಳುತ್ತೇನೆ. ಪೂರ್ತಿ ನಿಂತು ಕೇಳುತ್ತಾರೆ. ಮರುದಿನ ಆ ತೋಳು ಕೂತ್ಕೊಂಡಿತಾ ಅಂತ ವಿಚಾರಿಸುತ್ತಾರೆ. ನಿನ್ನ ಅಪ್ಪ ಹೋದ ಮೇಲೆ ನನ್ನ ಕೆಲಸದ ಬಗ್ಗೆ ಹಾಗೆ ಯಾರೂ ಕೇಳಿರಲಿಲ್ಲ. ಅಪ್ಪನನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಒಬ್ಬಳೇ ಇದ್ದು ಇದ್ದು ನನಗೆ ಸಾಕಾಗಿದೆ, ಅಷ್ಟೇ. ಇದನ್ನು ನಿನಗೆ ಹೇಗೆ ಹೇಳುವುದು ಅಂತ ತಿಳಿಯದೆ ಕಮೋಡು, ಗೀಸರು, ಹುಕ್ಕು ಅಂತ ಊರೆಲ್ಲ ಸುತ್ತಿದೆ. ನೀನು ಸಿಟ್ಟು ಮಾಡಿಕೊಂಡದ್ದನ್ನೂ ಬರೆದದ್ದು ಒಳ್ಳೆಯದಾಯಿತು. ಬರೀ ಒಪ್ಪಿಗೆ ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ನಿನ್ನೆಯಿಂದ ಕೆಲಸ ಶುರುವಾಗಿದೆ. ಮನೆ ತುಂಬಾ ದೂಳು. ಅಪ್ಪನ ಕನ್ನಡಿಯನ್ನು ನಾನೇ ಬಿಚ್ಚಿ, ಒರೆಸಿ, ಮೂರು ಹಳೆಯ ಸೀರೆಗಳಲ್ಲಿ ಸುತ್ತಿಟ್ಟಿದ್ದೇನೆ. ಅಳಿಯಂದಿರಿಗೆ ನನ್ನ ಅಭಿಮಾನ ಹಾಗೇ ಇದೆ ಅಂತ ಹೇಳು.

ನಿನ್ನ ಒಪ್ಪಿಗೆ ಸಿಕ್ಕ ಮೇಲೆ ಎರಡು ಸಲ ಅತ್ತು ಮೂರು ಸಲ ನಕ್ಕ,
ನಿನ್ನ ಅಮ್ಮ

ಇಷ್ಟು ಬರೆದ ಮೇಲೆ ಇದನ್ನೂ ಬರೆದುಬಿಡುತ್ತೇನೆ: ಅವರು ಸ್ನಾನಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅಂತ ನಾನು ಕೇಳಿಲ್ಲ. ಅದೊಂದೇ ಅಲ್ಲ, ಅವರನ್ನು ನಾನು ಇನ್ನೂ ಏನನ್ನೂ ಕೇಳಿಲ್ಲ. ನಿನ್ನನ್ನು ಕೇಳುವುದೇ ಕಷ್ಟದ ಕೆಲಸ ಅಂದುಕೊಂಡು ಇದ್ದಬದ್ದ ಧೈರ್ಯವನ್ನೆಲ್ಲ ಅದಕ್ಕೇ ಖರ್ಚು ಮಾಡಿಬಿಟ್ಟೆ. ಪಾಪ, ಅವರು ಇವತ್ತೂ ಏನೂ ಅರಿಯದವರಂತೆ ಬಂದು, ಕನ್ನಡಿಯ ಗುರುತು ನಿಮಗೆ ತೀರಾ ಮೇಲಾಯ್ತಲ್ಲ ಅಂತ ಚಿಂತೆ ಮಾಡಿಹೋದರು. ಮಾತನ್ನು ಹೇಗೆ ಶುರು ಮಾಡಬೇಕು ಅಂತ ಬೇಗ ತಿಳಿಸು. ಗೋಡೆ ಆಗಲೇ ಒಡೆದಾಗಿದೆ.