ಅವರು ಬಂದಾಗ ದೊಡ್ಡ ಬಾಗಿಲು

ತಂಪುಮನೆ ನಾಲ್ಕು, ಬೆಟಗೇರಿ
ಫೆಬ್ರವರಿ ಮೂವತ್ತು, ೨೩೧೭

ಶಿವಲೀಲಾ ಬಡಿಗೇರ ಅವರಿಗೆ, ದ್ಯಾಮವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ರಜೆಯಾಗಿ ಬಿದ್ದಿರುತ್ತವೆ. ಹೆಸರು ನೋಡಿ ಯಾರೋ ಮುದುಕಿ ಬರೆದಿದ್ದಾಳೆ ಎಂದೂ ತಿಳಿಯಬೇಡಿ. ನನಗೆ ಮೂವತ್ತೊಂದು, ನನ್ನ ಓರಗೆಯಲ್ಲಿ ಬೀದಿಗೆ ನಾಲ್ವರು ದ್ಯಾಮವ್ವಂದಿರಿದ್ದಾರೆ. ಮಾತಿನ ವಿಷಯದಲ್ಲಿ ಮಾತ್ರ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಾಗದಪತ್ರ ನೋಡಿ ಕಲಿತು ಬರೆಯುತ್ತಿದ್ದೇನೆ. ಹೆತ್ತ ತಾಯಿಯಿಂದ ಹಿಡಿದು ಊರ ನ್ಯಾಯಾಧೀಶನವರೆಗೆ ಎಲ್ಲರನ್ನೂ 'ನೀನು' ಎನ್ನುವವರು ನಾವು. ಒಬ್ಬರಿಗೇ 'ನೀವು' ಎನ್ನುವುದು ನನಗೆ ಹೋದ ವಾರದ ತನಕ ಗೊತ್ತೇ ಇರಲಿಲ್ಲ. ಹೇಗೆ ಗೊತ್ತಾಯಿತು ಎಂಬುದೇ ಈ ಕಾಗದದ ವಿಷಯ.

ನೀವು ಮಾಡಿದ 'ಕಾವಲು' ಎಂಬ ವಿಡಿಯೋ ಗೇಮು ನಮ್ಮಲ್ಲಿದೆ. ಅದರ ಜೊತೆಗೆ ನೀವು ನಿಮಗಾಗಿ ಬರೆದುಕೊಂಡ ಟಿಪ್ಪಣಿಗಳೂ ಉಳಿದಿವೆ. ಕೊನೆಯದರಲ್ಲಿ ಹೀಗಿದೆ: 'ಆಡಿ ನೋಡಿದ ಹನ್ನೊಂದು ಜನರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಅವರ ತಲೆಯ ಮೇಲೆ ಬಾಣದ ಗುರುತು ಹಾಕಿಬಿಡಲೇ?' ನೀವು ಹಾಕಲಿಲ್ಲ ಎಂಬುದು ನಮಗೆ ಗೊತ್ತು, ಆಟದಲ್ಲಿ ಬಾಣವಿಲ್ಲ. ಆದರೆ ಹಾಕದೆ ಬಿಟ್ಟದ್ದು ಸರಿಯೋ ತಪ್ಪೋ ಎಂದು ಆಮೇಲೆ ಎಷ್ಟು ದಿನ ಕೊರಗಿದಿರೋ ಏನೋ. ಮುನ್ನೂರು ವರ್ಷ ತಡವಾದರೂ ಉತ್ತರ ಬರೆಯುವುದು ಆಟ ಕಾಯುವವಳಾದ ನನ್ನ ಕರ್ತವ್ಯ. ಕಾಗದ ನಿಮಗೆ ಹೇಗೆ ಮುಟ್ಟುತ್ತದೆ ಎಂದು ಕೇಳಬೇಡಿ, ಅದು ಅಂಚೆಯವರ ತಲೆನೋವು.

ನಮ್ಮ ದಿನಚರಿ ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇಲ್ಲಿ ಬೇಸಿಗೆಯ ಐದು ತಿಂಗಳು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಹೊರಗೆ ನಿಲ್ಲುವಂತಿಲ್ಲ. ಆ ಹೊತ್ತಿಗೆ ಬಿಸಿಲುಬಿಡುವು ಎನ್ನುತ್ತೇವೆ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಬಿಟ್ಟರೆ ಆಗ ಹೊರಗೆ ದುಡಿಯುವವರು ಯಾರೂ ಇಲ್ಲ. ಊರಿಗೆ ಊರೇ ನೆಲದ ಕೆಳಗಿನ ತಂಪುಮನೆಗಳಿಗೆ ಇಳಿಯುತ್ತದೆ. ಒಂದೊಂದರಲ್ಲಿ ನಾನ್ನೂರು ಜನ. ರೊಟ್ಟಿಗಂಟು, ಶೇಂಗಾ ಚಟ್ನಿ, ಕೂಸುಗಳ ಅಳು, ಗೊರಕೆ, ಜಗಳ ಎಲ್ಲ ಜೊತೆಗೇ ಇಳಿಯುತ್ತವೆ. ಏಳು ತಾಸು ಕಳೆಯಬೇಕಲ್ಲ, ಅದಕ್ಕೇ ಆಟ. ಹಳೆಯ ಆಟಗಳನ್ನು ಒಂದು ಕೋಣೆಯ ನಾಲ್ಕೂ ಗೋಡೆಗೆ ಹರಡುತ್ತೇವೆ. ಆಡುವವರು ನಡುವೆ ನಿಲ್ಲುತ್ತಾರೆ. ನಿಮ್ಮ ಕಾಲದಲ್ಲಿ ಆಡುವವನೇ ನಾಯಕ, ಅವನು ಕಾಲಿಟ್ಟ ಕಡೆ ಲೋಕವೆಲ್ಲ ಎದ್ದು ನಿಲ್ಲುತ್ತಿತ್ತು ಎಂದು ಓದಿದ್ದೇನೆ. ಅಂಥವು ಈಗಲೂ ಇವೆ. ಕೂಸಿನಾಟ ಎನ್ನುತ್ತೇವೆ, ಆರು ವರ್ಷದ ತನಕ ಆಡಲು ಕೊಡುತ್ತೇವೆ. ದೊಡ್ಡವರು ಆಡುವುದು ಹಿಮ್ಮೇಳದಾಟ. ಅದರಲ್ಲಿ ಕತೆ ಬೇರೆ ಯಾರದೋ; ಆಡುವವರು ಪಕ್ಕದಲ್ಲಿರುವ ಅಡುಗೆಯವರು, ಅಂಬಿಗರು, ನೆರೆಮನೆಯವರು. ಕತೆ ಯಾರದೆಂದು ಕಂಡುಹಿಡಿದು ಅವರಿಗೆ ಒದಗುವುದೇ ಆಟ.

ನಿಮ್ಮ 'ಕಾವಲು' ನಮ್ಮಲ್ಲಿರುವ ಹಿಮ್ಮೇಳದಾಟಗಳಲ್ಲೇ ಹಳೆಯದು. ಆಡುವವರು ಒಂದು ನೇಯ್ಗೆ ಕಾರ್ಖಾನೆಯ ಬಾಗಿಲು ಕಾಯಬೇಕು. ಕೋಟೆಯಂಥ ದೊಡ್ಡ ಬಾಗಿಲು. ಅದರ ಮೈಯಲ್ಲೇ ಒಬ್ಬರು ಬಗ್ಗಿ ನುಸುಳುವಷ್ಟು ಚಿಕ್ಕ ದಿಡ್ಡಿ. ಮೊದಲ ದಿನವೇ ಕೈಗೊಂದು ಚೀಟಿ ಬರುತ್ತದೆ: 'ಅವರು ಬಂದಾಗ ದೊಡ್ಡ ಬಾಗಿಲು ತೆರೆಯಬೇಕು.' ತಪ್ಪಿ ತೆರೆದರೆ ಆಟ ಮತ್ತೆ ಮೊದಲ ದಿನಕ್ಕೆ. 'ಅವರು' ಎಂದರೆ ನಮಗೆ ಒಂದೇ ಅರ್ಥ, ಬಹಳ ಜನ. ಮದುವೆಯ ದಿಬ್ಬಣ ಬಂದಾಗ ತೆರೆದೆವು. ಬ್ಯಾಂಡಿನವರು ಬಂದಾಗ ತೆರೆದೆವು. ಬಾವುಟ ಹಿಡಿದು ಮೆರವಣಿಗೆ ಬಂದಾಗಲಂತೂ ಇದೇ ಇರಬೇಕೆಂದು ಕುಣಿದಾಡಿ ತೆರೆದೆವು. ಪ್ರತಿ ಸಲವೂ ಮೊದಲ ದಿನ. ನಿಮ್ಮ ಆಟ ನಮಗೆ ಸಿಕ್ಕಿ ಅರವತ್ತು ವರ್ಷವಾಗುತ್ತ ಬಂತು. ಅಷ್ಟು ವರ್ಷ ಯಾರೂ ಮುಗಿಸದ ಆಟವನ್ನು ಕೆಟ್ಟಿದೆ ಎಂದು ತೀರ್ಮಾನಿಸಿ ಶಾಶ್ವತವಾಗಿ ಆರಿಸಿಬಿಡುವುದು ತಂಪುಮನೆಯ ಕಾನೂನು. ಈ ಬೇಸಿಗೆ ಮುಗಿಯುವಾಗ ನಿಮ್ಮ ಆಟದ ಸರದಿ ಇತ್ತು.

ಇದನ್ನು ಕೇಳಿ ಊಟ ಬಿಟ್ಟವಳು ನನ್ನ ದೊಡ್ಡವ್ವ ಫಕೀರವ್ವ, ನನ್ನವ್ವನ ಅಕ್ಕ. ನಲವತ್ತು ಬೇಸಿಗೆಯಿಂದ ಅವಳು ಆಡುತ್ತಿರುವುದು ಇದೊಂದೇ ಆಟ. ಆಟದ ಹೊರಗೂ ಅವಳದು ಕಾವಲಿನ ಕೆಲಸವೇ. ತಂಪುಮನೆಯ ಮೆಟ್ಟಿಲ ಬಳಿ ನಿಂತು ಇಳಿಯುವವರ ತಲೆ ಎಣಿಸುತ್ತಾಳೆ. ನಾನ್ನೂರು ಜನರಲ್ಲಿ ಅವಳತ್ತ ಮುಖವೆತ್ತಿ ನೋಡುವವರು ನಾಲ್ಕು ಮಂದಿ ಇದ್ದರೆ ಹೆಚ್ಚು. ಈಗ ಕಣ್ಣಿನ ನರ ಸೊರಗಿ ಎಡಗಣ್ಣು ಹೋಗಿದೆ, ಬಲಗಣ್ಣೂ ಹೊರಟಿದೆ. "ಏ ದ್ಯಾಮಿ, ಯಾರ ಬರ್ತಾರ ಅಂತ ತಿಳೀದನ ಹೋಗಬೇಕೇನ ನಾ? ನಲವತ್ತ ವರ್ಷ ನಿಂತೀನವಾ" ಎಂದಳು. ಅವಳ ಕಣ್ಣು ಹೋಗುವುದರೊಳಗೆ ಬಾಗಿಲು ತೆರೆಸಲೇಬೇಕೆಂದು ನಿಮ್ಮ ಟಿಪ್ಪಣಿಗಳನ್ನು ಮತ್ತೆ ಮೊದಲಿನಿಂದ ಓದಲು ಕೂತೆ.

ಒಂದು ಕಡೆ ಬರೆದಿದ್ದಿರಿ: 'ಇವತ್ತು ಮಧ್ಯಾಹ್ನ ಕಾರ್ಖಾನೆಗೆ ಹೋಗಿದ್ದೆ. ಅವರು ಒಬ್ಬರೇ ಕೂತು ಊಟ ಮಾಡುತ್ತಿದ್ದರು.' ದೊಡ್ಡವ್ವನಿಗೆ ಓದಿ ಹೇಳಿದರೆ ಬಿದ್ದು ಬಿದ್ದು ನಕ್ಕಳು. "ಅಷ್ಟ ಮಂದಿ ಕೂಡಿ ಒಬ್ಬರ ಹ್ಯಾಂಗ ಉಣ್ತಾರ? ನಿನ್ನ ಶಿವಲೀಲಾಗ ಬರಿಯಾಕ ಬರಂಗಿಲ್ಲ ಬಿಡು." ನಾನೂ ನಕ್ಕೆ. ಆಮೇಲೆ ಅದು ತಲೆಯಲ್ಲಿ ಕೊರೆಯತೊಡಗಿತು. ಒಬ್ಬರೇ ಆಗಿದ್ದೂ 'ಅವರು' ಆಗಬಹುದೇ ಎಂದು ಹಳೆಯ ಲಗ್ನಪತ್ರಿಕೆ, ಅರ್ಜಿ, ಶಾಲೆಯ ಪುಸ್ತಕ, ಸಿಕ್ಕಿದ್ದನ್ನೆಲ್ಲ ತಡಕಾಡಿದೆ. ಆಗಬಹುದಿತ್ತು! ಮನಸ್ಸಿಗೆ ದೊಡ್ಡವರೆನಿಸಿದ ಒಬ್ಬರನ್ನು ನೀವು ಹಲವರನ್ನಾಗಿ ಮಾಡಿ ಕರೆಯುತ್ತಿದ್ದಿರಿ. ನಮ್ಮ ಹಿರಿಯರು ಎಲ್ಲರನ್ನೂ ಸಮ ಮಾಡಲು ಹೊರಟಿದ್ದರಂತೆ. ಎಲ್ಲರನ್ನೂ 'ನೀವು' ಎಂದು ಮೇಲಕ್ಕೆ ಹತ್ತಿಸಬಹುದಿತ್ತು, 'ನೀನು' ಎಂದು ಕೆಳಕ್ಕಿಳಿಸಿ ಕೈ ತೊಳೆದುಕೊಂಡರು. ನನಗೆ ಅವರ ಮೇಲೆ ಸಿಟ್ಟೇ ಬಂತು. ಹಾಗಾದರೆ ಆಟದ ಆ ಬಾಗಿಲಿಗೆ ಒಬ್ಬರೇ ಬರುವವರು ಯಾರು? ದಿನಾ ಬೆಳಿಗ್ಗೆ ದಿಡ್ಡಿಯಲ್ಲಿ ಬಗ್ಗಿ ಒಳಗೆ ಹೋಗುವವಳು ಒಬ್ಬಳೇ ಒಬ್ಬಳಿದ್ದಳು. ಹೊಸ ನೂಲಿನ ಎಳೆಗಳನ್ನು ಮಗ್ಗದ ಹಳೆಯ ಎಳೆಗಳಿಗೆ ಗಂಟು ಹಾಕುವ ಮುದುಕಿ, ಕಾಶವ್ವ. ಅರವತ್ತು ವರ್ಷ ನಾವು ಅವಳನ್ನು ಗೋಡೆಯ ಬಣ್ಣದಂತೆ ನೋಡಿಕೊಂಡು ಬಂದಿದ್ದೆವು.

ನಮ್ಮದು ವ್ಯಾಕರಣ ಮರೆತವರ ತಪ್ಪು. ನಿಮ್ಮ ಹನ್ನೊಂದು ಜನರದು ಏನು? ಅವರಿಗೆ ಆ ಪದ ಚೆನ್ನಾಗಿಯೇ ಗೊತ್ತಿತ್ತು. ಸಾಹುಕಾರರೋ ಸಾಹೇಬರೋ ಬರುತ್ತಾರೆಂದು ಕಾರಿನ ದಾರಿ ಕಾದಿರಬೇಕು, ಇಲ್ಲವೇ ತಾವೇ ನಾಯಕರೆಂದುಕೊಂಡು ಮೀಸೆ ತಿರುವುತ್ತ ಕೂತಿರಬೇಕು. ಬೈಯುತ್ತಿಲ್ಲ, ನಾನೂ ಎಷ್ಟೋ ಸಲ ದಿಬ್ಬಣಕ್ಕೆ ಬಾಗಿಲು ತೆರೆದವಳೇ. ಬಾಣ ಹಾಕಲಿಲ್ಲವೆಂದು ಮಾತ್ರ ದಯವಿಟ್ಟು ಕೊರಗಬೇಡಿ. ಹಾಕಿದ್ದರೆ ನಾವು ಬಾಣ ನೋಡಿ ಬಾಗಿಲು ತೆರೆಯುತ್ತಿದ್ದೆವು, ಕಾಶವ್ವನ ಮುಖವನ್ನು ಆಗಲೂ ನೋಡುತ್ತಿರಲಿಲ್ಲ.

ನಿನ್ನೆ ದೊಡ್ಡವ್ವನನ್ನು ಕೈ ಹಿಡಿದು ಕೋಣೆಯ ನಡುವೆ ನಿಲ್ಲಿಸಿದೆ. ಯಾರಿಗೆ ತೆರೆಯಬೇಕು ಎಂದಷ್ಟೇ ಹೇಳಿದ್ದೆ. ವ್ಯಾಕರಣದ ಪಾಠ ಹೇಳಲು ಹೊತ್ತಿರಲಿಲ್ಲ. ಕಾಶವ್ವ ಬಂದರು. ರೂಢಿಯಂತೆ ದಿಡ್ಡಿಯ ಮುಂದೆ ಆಗಲೇ ಬಗ್ಗಿದ್ದರು. ದೊಡ್ಡವ್ವ ಎರಡೂ ಅಗುಳಿ ಎಳೆದು ದೊಡ್ಡ ಬಾಗಿಲು ತೆರೆದಳು. ಆಟ ಮೊದಲ ದಿನಕ್ಕೆ ಓಡಲಿಲ್ಲ. ಕಾಶವ್ವ ಸೊಂಟಕ್ಕೆ ಕೈ ಕೊಟ್ಟು ನಿಧಾನವಾಗಿ ನೆಟ್ಟಗಾದರು. ಬಾಗಿಲಾಚೆ ಸಾಲು ಸಾಲು ಮಗ್ಗ ಮೊದಲ ಸಲ ಕಂಡವು. ಇನ್ನು ಕತೆ ಅವರ ಹಿಂದೆ ಒಳಗೆ ಹೋಗುತ್ತದೆ, ಕಾವಲಿನವರು ಇಲ್ಲೇ ಉಳಿಯುತ್ತಾರೆ ಎಂದು ಹಿಮ್ಮೇಳದಾಟ ಆಡಿದ ನಮಗೆಲ್ಲ ಗೊತ್ತು. ಆದರೆ ಅವರು ಹೊಸ್ತಿಲಲ್ಲಿ ನಿಂತು ದೊಡ್ಡವ್ವನ ಕಡೆ ತಿರುಗಿದರು.

"ಭಾಳ ದಿನಾ ನಿಂತೀರಿ. ಇನ್ನ ಕುಂದರ್ರಿ."

ದೊಡ್ಡವ್ವ ತಟ್ಟನೆ ಹಿಂದೆ ತಿರುಗಿ ನೋಡಿದಳು. ಇನ್ಯಾರೋ ಹಲವರು ಬಂದು ನಿಂತಿರಬೇಕು ಎಂದುಕೊಂಡಳು. ಹಿಂದೆ ಬರೀ ಗೋಡೆ. "ಯಾರಿಗಂದ್ಲ ದ್ಯಾಮಿ?" ಎಂದು ಮೆಲ್ಲಗೆ ಕೇಳಿದಳು.

"ನಿಮಗ, ದೊಡ್ಡವ್ವಾ. ನಿಮಗ ಒಬ್ಬರಿಗೇ" ಎಂದೆ.

ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ನನ್ನ ದೊಡ್ಡವ್ವ ಕೂತರು.

ಇಂತಿ,
ದ್ಯಾಮವ್ವ
ಆಟ ಕಾಯುವವಳು