ವಂಶಾವಳಿ ಭಂಡಾರಕ್ಕೆ ಸೇರಲಿರುವವರಿಗೆ

ಯಜಮಾನರಿಗೆ,

ರೊಟ್ಟಿ ಬುಟ್ಟಿಯಲ್ಲಿದೆ, ಪುಂಡಿಪಲ್ಯ ಗಡಿಗೆಯಲ್ಲಿದೆ. ಕಾಣದಿದ್ದರೆ ನನ್ನನ್ನು ಕೂಗಬೇಡಿರಿ, ನಾನು ಮನೆಯಲ್ಲಿಲ್ಲ.

ಚಂದಾ ಕಟ್ಟಿದವರಿಗೆ ಮನೆತನದ ಮೂಲ ಹುಡುಕಿಕೊಡುವ ಪೇಟೆಯ ಆ ವಂಶಾವಳಿ ಪುಸ್ತಕ ಭಂಡಾರಕ್ಕೆ ಸೇರುವುದೋ ಬಿಡುವುದೋ ಎಂದು ವಾರದಿಂದ ಮೀಸೆ ತಿರುವುತ್ತಿದ್ದೀರಿ. ಸೇರಿರಿ. ಮನೆತನದ ಮೂಲಪುರುಷ ಹಂಪಿ ಅರಸರ ಆನೆ ಏರಿದ್ದನೆಂದು ಸಿಕ್ಕೇ ಸಿಗುತ್ತದೆ. ಆನೆಯ ಲದ್ದಿ ಬಳಿದ ಮೂಲಪುರುಷ ಅಲ್ಲಿ ಇನ್ನೂ ಯಾರಿಗೂ ಸಿಕ್ಕಿಲ್ಲ.

ಆದರೆ ಅದು ನೀವು ದತ್ತು ಬಂದ ಮನೆತನ. ನಿಮ್ಮನ್ನು ಹೆತ್ತ ತಾಯಿ ಕಂಪ್ಲಿ ಹತ್ತಿರದ ಮೆಟ್ರಿಯಲ್ಲಿ ಹಾಸಿಗೆ ಹಿಡಿದಿದ್ದಾರೆ, ನಾನು ಅಲ್ಲಿಗೇ ಹೊರಟೆ. ಹೋದ ಸಲ ನನ್ನ ಕೈ ಹಿಡಿದು, “ನನ್ನ ಮಗ ಭಾಳ ದೊಡ್ಡ ಮನಷ್ಯಾ ಆಗ್ಯಾನಂತ, ಹೌದೇನವ್ವಾ?” ಎಂದು ಕೇಳಿದರು. ಹೌದೆಂದು ಸುಳ್ಳು ಹೇಳಿ ಬಂದೆ.

ಸಂಜೆ ಕಂಪ್ಲಿಗೆ ಮೋಟಾರಿದೆ. ಅದನ್ನು ಹತ್ತುವುದಕ್ಕೂ ಒಂದು ವಾರ ಯೋಚಿಸಬೇಡಿರಿ; ನಿಮ್ಮ ತಾಯಿಗೆ ಅಷ್ಟು ದಿನ ಉಳಿದಿಲ್ಲ.

ಮರುಳಸಿದ್ದಮ್ಮ